ಅಭಿಮಾನಿಗಳ ಸಾಲ, ಯುರೋಪಿನ ಕಪ್

ಬೆಂಗಳೂರಿನಿಂದ ಮೈಸೂರಿಗೋ ಮಂಗಳೂರಿಗೋ ಹೊರಟ ‘ವೋಲ್ವೋ’ ಬಸ್ಸನ್ನು ನೋಡದ ವಿದ್ಯಾರ್ಥಿ ಕರ್ನಾಟಕದಲ್ಲಿ ವಿರಳ. ಬಸ್ಸು ತಯಾರಾಗುವುದು ನಮ್ಮ ಹೊಸಕೋಟೆಯ ಕಾರ್ಖಾನೆಯಲ್ಲೇ ಆದರೂ ಹೆಸರು ಬಂದದ್ದು ದೂರದ ಸ್ವೀಡನ್ನಿನಿಂದ. 1927ರಲ್ಲಿ ಈ ಕಂಪನಿಯ ಮೊದಲ ಕಾರು ಹೊರಬಂದದ್ದು ಗೋಥೆನ್‌ಬರ್ಗ್ ಎಂಬ ಊರಿನಲ್ಲಿ. ಅಟ್ಲಾಸ್ ತೆರೆದು ನೋಡಿ. ಸ್ವೀಡನ್ನಿನ ಪಶ್ಚಿಮ ಕರಾವಳಿಯಲ್ಲಿ, ಯೋತಾ ನದಿ ಸಮುದ್ರ ಸೇರುವಲ್ಲಿ ಈ ರೇವುಪಟ್ಟಣವಿದೆ. ಸ್ವೀಡನ್ನಿನ ಎರಡನೆಯ ದೊಡ್ಡ ನಗರ. ಅಲ್ಲಿಯವರು ಅದನ್ನು ‘ಯೋತೆಬೊರಿ’ ಎಂದು ಕರೆಯುತ್ತಾರೆ.

ಈ ಊರಿಗೆ ಕಾರು, ಬಸ್ಸುಗಳಿಂದ ಬಂದಷ್ಟೇ ಹೆಸರು ಒಂದು ಫುಟ್‌ಬಾಲ್ ಕ್ಲಬ್ಬಿನಿಂದಲೂ ಬಂದಿದೆ. ಐ.ಎಫ್.ಕೆ. ಗೋಥೆನ್‌ಬರ್ಗ್ ಅದರ ಹೆಸರು. ನೀಲಿ ಬಿಳಿ ಪಟ್ಟೆಯ ಅಂಗಿ ಅದರ ಗುರುತು. ಪುರುಷರ ಫುಟ್‌ಬಾಲಿನಲ್ಲಿ ಯುರೋಪಿನ ಕಪ್ ಗೆದ್ದ ಸ್ವೀಡನ್ನಿನ ಕ್ಲಬ್ಬು ಇದೊಂದೇ; ಅದೂ ಎರಡು ಬಾರಿ, 1982 ಮತ್ತು 1987ರಲ್ಲಿ. ಮೊದಲ ಸಲ ಗೆದ್ದ ವರ್ಷದ ಆರಂಭದಲ್ಲಿ ಈ ಕ್ಲಬ್ಬಿನ ಬಳಿ ಪಂದ್ಯ ಆಡಲು ಪರವೂರಿಗೆ ಹೋಗುವಷ್ಟು ಹಣವೂ ಇರಲಿಲ್ಲ ಎಂದರೆ ನಂಬುತ್ತೀರಾ?

ಹಾಗಾದರೆ ಹಣ ಕೊಟ್ಟವರು ಯಾರು? ಆ ಪ್ರಶ್ನೆಯ ಹಿಂದೆಯೇ ಇನ್ನೊಂದು ಪ್ರಶ್ನೆ ಇದೆ. ಒಂದು ಕ್ಲಬ್ಬು ನಿಜವಾಗಿ ಯಾರ ಸ್ವತ್ತು? ಆಡುವವರದೇ, ಹಣ ಹೂಡುವವರದೇ, ನೋಡುವವರದೇ?

ಪತ್ರಿಕೆಯಲ್ಲೊಂದು ಕರೆ

ಈ ಕ್ಲಬ್ಬಿನ ಹುಟ್ಟಿನಲ್ಲಿ ವಿದ್ಯಾರ್ಥಿಗಳಿಗೆ ದೊಡ್ಡ ಪಾಲಿದೆ. 1895ರಲ್ಲಿ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ಲೂಯಿ ಸೆಟ್ಟರ್‌ಸ್ಟೆನ್ ಮತ್ತು ಪೆರ್ ಏನೆಮಾರ್ಕ್ ಎಂಬ ಇಬ್ಬರು ಹುಡುಗರು ಆಟಕ್ಕಾಗಿ ಒಂದು ಸಂಘ ಕಟ್ಟಲು ಹೊರಟರು. ಆಗ ಮಕ್ಕಳು, ಯುವಕರಿಗಾಗಿ ‘ಕಮ್ರಾತೆನ್’ ಎಂಬ ಪತ್ರಿಕೆ ಬರುತ್ತಿತ್ತು. ‘ಗೆಳೆಯ’ ಎಂದು ಅದರ ಅರ್ಥ. ದೇಶದ ಎಲ್ಲ ಊರುಗಳಲ್ಲೂ ಇಂಥ ಸಂಘ ಕಟ್ಟೋಣ ಬನ್ನಿ ಎಂದು ಈ ಹುಡುಗರು ಅದರಲ್ಲಿ ಕರೆ ಕೊಟ್ಟರು. ಕರೆಗೆ ಓಗೊಟ್ಟು ಊರೂರಲ್ಲಿ ಸಂಘಗಳು ಹುಟ್ಟಿದವು. ಎಲ್ಲಕ್ಕೂ ಒಂದೇ ಹೆಸರು: ‘ಇದ್ರೊತ್ಸ್‌ಫೊರೆನಿಂಗೆನ್ ಕಮ್ರಾತೆರ್ನಾ’, ಅಂದರೆ ಗೆಳೆಯರ ಕ್ರೀಡಾ ಸಂಘ. ಅದರ ಮೊದಲಕ್ಷರಗಳೇ ಐ.ಎಫ್.ಕೆ.

ಗೋಥೆನ್‌ಬರ್ಗಿನಲ್ಲಿ ಆಗಲೇ ಫುಟ್‌ಬಾಲಿನ ಗಾಳಿ ಬೀಸಿತ್ತು. ರೇವುಪಟ್ಟಣವಾದ್ದರಿಂದ ಇಂಗ್ಲೆಂಡ್, ಸ್ಕಾಟ್ಲೆಂಡುಗಳ ವ್ಯಾಪಾರಿಗಳೂ ಕೆಲಸಗಾರರೂ ಅಲ್ಲಿ ನೆಲೆಸಿದ್ದರು. ನಿಯಮಬದ್ಧವಾಗಿ ಆಡಿದ ಸ್ವೀಡನ್ನಿನ ಮೊದಲ ಫುಟ್‌ಬಾಲ್ ಪಂದ್ಯ 1892ರಲ್ಲಿ ನಡೆದದ್ದು ಇದೇ ಊರಿನಲ್ಲಿ. 1904ರ ಅಕ್ಟೋಬರ್ 4ರಂದು ಅನ್ನೆದಾಲ್ ಎಂಬ ಬಡಾವಣೆಯ ‘ಓಲಿವೆದಾಲ್’ ಎಂಬ ಕಾಫಿ ಅಂಗಡಿಯಲ್ಲಿ ಕೆಲವರು ಸೇರಿ ಐ.ಎಫ್.ಕೆ. ಗೋಥೆನ್‌ಬರ್ಗನ್ನು ಸ್ಥಾಪಿಸಿದರು. ಗೆಳೆಯರ ಸಂಘಗಳ ಸಾಲಿನಲ್ಲಿ ಇದು 39ನೆಯದು. ನಾಲ್ಕೇ ವರ್ಷಗಳಲ್ಲಿ, 1908ರಲ್ಲಿ, ಅದು ಸ್ವೀಡನ್ನಿನ ಚಾಂಪಿಯನ್ ಆಯಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಕ್ಲಬ್ಬನ್ನು ಯಾವ ಶ್ರೀಮಂತನೂ ಕೊಂಡು ತರಲಿಲ್ಲ, ಯಾವ ಕಂಪನಿಯೂ ಹುಟ್ಟುಹಾಕಲಿಲ್ಲ. ಸದಸ್ಯರು ಚಂದಾ ಕೊಟ್ಟರು, ವರ್ಷಕ್ಕೊಮ್ಮೆ ಸಭೆ ಸೇರಿದರು, ಕೈಯೆತ್ತಿ ಪದಾಧಿಕಾರಿಗಳನ್ನು ಆರಿಸಿದರು. ನಮ್ಮ ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘ ನಡೆಯುವ ರೀತಿ ಗೊತ್ತಿರುವವರಿಗೆ ಇದು ಸುಲಭವಾಗಿ ಅರ್ಥವಾದೀತು.

ಏಳು, ಬೀಳು

ಕ್ಲಬ್ಬಿನ ಬೆಂಬಲಿಗರಲ್ಲಿ ಬಹಳ ಮಂದಿ ಹಡಗು ಕಟ್ಟುವವರು, ರೇವಿನಲ್ಲಿ ಸರಕು ಹೊರುವವರು, ಕಾರ್ಖಾನೆಯ ಕೆಲಸಗಾರರು. 1958ರ ವಿಶ್ವ ಕಪ್ಪಿಗಾಗಿ ಊರಿನಲ್ಲಿ ‘ಉಲ್ಲೆವಿ’ ಎಂಬ ದೊಡ್ಡ ಕ್ರೀಡಾಂಗಣ ತಲೆಯೆತ್ತಿತು. ಮರುವರ್ಷ, 1959ರಲ್ಲಿ, ಐ.ಎಫ್.ಕೆ. ಮತ್ತು ಅದೇ ಊರಿನ ಇನ್ನೊಂದು ಕ್ಲಬ್ಬು ಓರ್‌ಗ್ರೀತೆ ನಡುವಿನ ಪಂದ್ಯ ನೋಡಲು 52,194 ಜನ ಸೇರಿದರು. ಅಂದಿನ ಗೋಥೆನ್‌ಬರ್ಗಿನ ಜನಸಂಖ್ಯೆ ಸುಮಾರು ನಾಲ್ಕು ಲಕ್ಷ. ಲೆಕ್ಕ ಹಾಕಿ ನೋಡಿ: ಊರಿನ ಪ್ರತಿ ಎಂಟು ಮಂದಿಗೆ ಒಬ್ಬರಂತೆ ಆ ಸಂಜೆ ಕ್ರೀಡಾಂಗಣದಲ್ಲಿದ್ದರು! ಸ್ವೀಡನ್ನಿನ ಲೀಗ್ ಪಂದ್ಯಗಳಲ್ಲಿ ಅದೇ ದಾಖಲೆ.

1969ರಲ್ಲಿ ಕ್ಲಬ್ಬು ಮತ್ತೆ ಚಾಂಪಿಯನ್ ಆಯಿತು. ಆದರೆ ಮರುವರ್ಷವೇ ಪಟ್ಟಿಯ ತಳ ಸೇರಿ ಎರಡನೆಯ ದರ್ಜೆಗೆ ಇಳಿಯಿತು. ಚಾಂಪಿಯನ್ ತಂಡ ಒಂದೇ ವರ್ಷದಲ್ಲಿ ದರ್ಜೆ ಕಳೆದುಕೊಂಡದ್ದನ್ನು ಅಭಿಮಾನಿಗಳಿಗೆ ಸಹಿಸಲಾಗಲಿಲ್ಲ. ಕೊನೆಯ ಪಂದ್ಯದಲ್ಲಿ ಕೆಲವರು ಅಂಗಳಕ್ಕೇ ನುಗ್ಗಿದರು. ನುಗ್ಗಿದರೆ ಫಲಿತಾಂಶ ಬದಲಾಗುತ್ತದೆಯೇ? ಮೇಲಿನ ದರ್ಜೆಗೆ ಮರಳಲು 1977ರವರೆಗೆ ಕಾಯಬೇಕಾಯಿತು.

ಮೇಷ್ಟ್ರ ಲೆಕ್ಕಾಚಾರ

1979ರಲ್ಲಿ ತಂಡದ ತರಬೇತಿಗೆ ಸ್ವೆನ್ ಯೋರಾನ್ ಎರಿಕ್ಸನ್ ಎಂಬ ತರುಣ ಬಂದರು. ವಯಸ್ಸು 31. ವ್ಯಾಯಾಮ ಶಿಕ್ಷಣ ಓದಿ, ಮೇಷ್ಟ್ರ ಕೆಲಸವನ್ನೂ ಮಾಡಿದವರು. ಆಟಗಾರರಾಗಿ ಅವರು ಹೆಸರು ಮಾಡಿರಲಿಲ್ಲ. ಸಣ್ಣ ಕ್ಲಬ್ಬೊಂದರ ತರಬೇತುದಾರರಾಗಿದ್ದರು.

ಎರಿಕ್ಸನ್ನರ ಪದ್ಧತಿ ಸರಳ ರೇಖಾಗಣಿತದಂತಿತ್ತು. ಫುಟ್‌ಬಾಲ್ ಅಂಗಳ ನೂರು ಮೀಟರಿಗೂ ಉದ್ದ. ಗೋಲಿಯನ್ನು ಬಿಟ್ಟರೆ ಹತ್ತು ಆಟಗಾರರು. ಅವರು ಅಂಗಳದ ತುಂಬ ಚೆದುರಿ ನಿಂತರೆ ನಡುವೆ ಎದುರಾಳಿಗೆ ಬೇಕಾದಷ್ಟು ಬಯಲು ಸಿಗುತ್ತದೆ. ಅದರ ಬದಲು ನಾಲ್ವರ ಎರಡು ಸಾಲು, ಮುಂದೆ ಇಬ್ಬರು ನಿಂತು, ಸಾಲುಗಳ ನಡುವಿನ ಅಂತರ ಹೆಚ್ಚದಂತೆ ಒಟ್ಟಾಗಿ ಹಿಂದೆ ಮುಂದೆ ಸರಿದರೆ? ಎದುರಾಳಿಗೆ ಆಡಲು ಸಿಗುವ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಪ್ರತಿಯೊಬ್ಬನೂ ಒಬ್ಬ ಎದುರಾಳಿಯ ಬೆನ್ನು ಹತ್ತಿ ಓಡುವ ಬದಲು ತನ್ನ ಪಾಲಿನ ಜಾಗವನ್ನು ಕಾಯಬೇಕು. ಚೆಂಡು ಕಳೆದುಕೊಂಡ ಕ್ಷಣವೇ ಎಲ್ಲರೂ ಕೂಡಿ ಮೇಲೆ ಬೀಳಬೇಕು.

ಕೇಳಲು ಚೆನ್ನ. ನೋಡಲು ಮಾತ್ರ ಅಭಿಮಾನಿಗಳಿಗೆ ಮೊದಮೊದಲು ರುಚಿಸಲಿಲ್ಲ. ಆಟದಲ್ಲಿ ಸೊಗಸಿಲ್ಲ, ಗೋಲುಗಳು ಕಡಿಮೆ ಎಂದು ಅವರು ಗೊಣಗಿದರು. ಆರಂಭದ ಪಂದ್ಯಗಳಲ್ಲಿ ತಂಡ ಸೋತಾಗ ಎರಿಕ್ಸನ್ ತಾವೇ ಆಟಗಾರರನ್ನು ಕೂರಿಸಿಕೊಂಡು, ಬೇಡವೆಂದರೆ ಹೊರಟುಬಿಡುತ್ತೇನೆ ಎಂದರಂತೆ. ಆಟಗಾರರು ಬಿಡಲಿಲ್ಲ. ಆ ವರ್ಷವೇ ತಂಡ ಸ್ವೀಡಿಷ್ ಕಪ್ ಗೆದ್ದಿತು.

ಖಾಲಿ ಖಜಾನೆ

1981ರ ಶರತ್ಕಾಲದಲ್ಲಿ ತಂಡ ‘ಯು.ಇ.ಎಫ್.ಎ. ಕಪ್’ ಪಂದ್ಯಾವಳಿಗೆ ಇಳಿಯಿತು. ಯುರೋಪಿನ ಬೇರೆ ಬೇರೆ ದೇಶಗಳ ಕ್ಲಬ್ಬುಗಳು ಸೆಣಸುವ ಪಂದ್ಯಾವಳಿ ಇದು. ಆಗ ಪ್ರತಿ ಸುತ್ತಿನಲ್ಲೂ ಎರಡು ಪಂದ್ಯ ಇರುತ್ತಿತ್ತು: ತವರಿನಲ್ಲಿ ಒಂದು, ಎದುರಾಳಿಯ ಊರಿನಲ್ಲಿ ಒಂದು. ಎರಡರ ಗೋಲುಗಳನ್ನು ಕೂಡಿಸಿ ವಿಜಯಿಯನ್ನು ನಿರ್ಧರಿಸುತ್ತಿದ್ದರು. ಫಿನ್ಲೆಂಡಿನ ಹಾಕಾ, ಆಸ್ಟ್ರಿಯಾದ ಸ್ಟುರ್ಮ್ ಗ್ರಾಜ್, ರುಮೇನಿಯಾದ ಡೈನಮೊ ಬುಕಾರೆಸ್ಟ್ ತಂಡಗಳನ್ನು ದಾಟಿ ಗೋಥೆನ್‌ಬರ್ಗ್ ಕ್ವಾರ್ಟರ್ ಫೈನಲಿಗೆ ಬಂತು. ಮುಂದಿನ ಎದುರಾಳಿ ಸ್ಪೇನಿನ ವೆಲೆನ್ಸಿಯಾ. ಪಂದ್ಯ 1982ರ ಮಾರ್ಚಿನಲ್ಲಿ.

ಅಷ್ಟರಲ್ಲಿ ಕ್ಲಬ್ಬಿನ ಹಣದ ಪರಿಸ್ಥಿತಿ ಹದಗೆಟ್ಟಿತ್ತು. ದಿವಾಳಿಯ ಅಂಚು. ಆಡಳಿತ ಮಂಡಳಿಯವರೆಲ್ಲ ಸ್ಥಾನ ಬಿಟ್ಟು ಹೋಗಿದ್ದರು. ಊರಿಗೂ ಕಷ್ಟದ ಕಾಲ. ಒಂದು ಕಾಲಕ್ಕೆ ಲೋಕಪ್ರಸಿದ್ಧವಾಗಿದ್ದ ಗೋಥೆನ್‌ಬರ್ಗಿನ ಹಡಗು ಕಟ್ಟುವ ಅಂಗಳಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿದ್ದವು. ಆಟಗಾರರಲ್ಲಿ ಹೆಚ್ಚಿನವರು ಹಗಲು ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರು. ವೆಲೆನ್ಸಿಯಾ ಇರುವುದು ಎರಡು ಸಾವಿರ ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿ. ಪ್ರಯಾಣದ ಖರ್ಚಿಗೆ ದಾರಿಯೇನು?

ಆಗ ನೆರವಿಗೆ ಬಂದವರು ಅಭಿಮಾನಿಗಳು. ಕ್ಲಬ್ಬಿನ ಬೆಂಬಲಿಗರದೇ ಒಂದು ಸಂಘವಿತ್ತು, ‘ಎಂಗ್ಲಾರ್ನಾ’ ಎಂದು ಅದರ ಹೆಸರು. ‘ದೇವತೆಗಳು’ ಎಂದು ಅರ್ಥ. ಟಿಕೆಟ್ ಕೊಂಡು, ಚಳಿಯಲ್ಲಿ ನಿಂತು, ಗಂಟಲು ಹರಿಯುವಂತೆ ಕೂಗುವವರ ಸಂಘ. ಆ ಸಂಘ ತನ್ನ ಹಣವನ್ನು ಕ್ಲಬ್ಬಿಗೆ ಸಾಲವಾಗಿ ಕೊಟ್ಟಿತು. ತಂಡ ಆ ಸಾಲದಲ್ಲಿ ಸ್ಪೇನಿಗೆ ಹೊರಟಿತು.

ಈ ಸಾಲ ಕೊಟ್ಟವರ ಸ್ಥಾನದಲ್ಲಿ ನಿಂತು ಯೋಚಿಸಿ. ದಿವಾಳಿಯಾಗುತ್ತಿರುವ ಸಂಸ್ಥೆಗೆ ಸಾಲ ಕೊಡಬೇಡ ಎಂದು ಯಾವ ಬ್ಯಾಂಕಿನ ಮ್ಯಾನೇಜರನೂ ಬುದ್ಧಿ ಹೇಳುತ್ತಾನೆ. ಲೆಕ್ಕದ ಪ್ರಕಾರ ಅವನ ಮಾತು ಸರಿಯೇ. ಆದರೆ ಮನೆಯವರಿಗೆ ಕಾಯಿಲೆಯಾದಾಗ ಆಸ್ಪತ್ರೆಗೆ ಕಟ್ಟುವ ಹಣಕ್ಕೆ ಯಾರೂ ಬಡ್ಡಿ ಲೆಕ್ಕ ಹಾಕುವುದಿಲ್ಲ. ಕ್ಲಬ್ಬು ಅವರಿಗೆ ಮನೆಯಾಗಿತ್ತು.

ಮಳೆಯಲ್ಲಿ ಬಂದ ಗೋಲು

ವೆಲೆನ್ಸಿಯಾದಲ್ಲಿ ಪಂದ್ಯ 2-2ರಲ್ಲಿ ಸಮವಾಯಿತು. ತವರಿನಲ್ಲಿ ಗೋಥೆನ್‌ಬರ್ಗ್ 2-0ಯಿಂದ ಗೆದ್ದಿತು. ಸೆಮಿಫೈನಲಿನಲ್ಲಿ ಪಶ್ಚಿಮ ಜರ್ಮನಿಯ ಕೈಸರ್ಸ್‌ಲೌಟರ್ನ್. ಅಲ್ಲಿ 1-1, ತವರಿನಲ್ಲಿ ಹೆಚ್ಚುವರಿ ಆಟದ ನಂತರ 2-1. ಫೈನಲಿಗೆ ಎದುರಾದದ್ದು ಮತ್ತೊಂದು ಜರ್ಮನ್ ತಂಡ ಹ್ಯಾಂಬರ್ಗ್. ಮರುವರ್ಷ ಯುರೋಪಿಯನ್ ಕಪ್ಪನ್ನೇ ಗೆದ್ದ ತಂಡವದು. ಪಕ್ಕಾ ವೃತ್ತಿಪರರ ಎದುರು ಅರೆ ವೃತ್ತಿಪರರು. ಸ್ವೀಡನ್ನರಿಗೆ ಗೆಲುವಿನ ಸಾಧ್ಯತೆ ಇದೆ ಎಂದು ಹೇಳಿದವರು ಕಡಿಮೆ.

ಮೇ 5ರಂದು ಉಲ್ಲೆವಿಯಲ್ಲಿ ಮೊದಲ ಪಂದ್ಯ. ಮಳೆ, ಕೆಸರು. 42,548 ಪ್ರೇಕ್ಷಕರು. ಗೋಲಿಲ್ಲದೆಯೇ ಪಂದ್ಯ ಮುಗಿಯಿತು ಎನ್ನುವಾಗ 87ನೆಯ ನಿಮಿಷದಲ್ಲಿ ಟೂರ್ಡ್ ಹೋಮ್‌ಗ್ರೆನ್ ಗೋಲು ಹೊಡೆದರು. ಒಂದು ಗೋಲಿನ ಮುನ್ನಡೆ ಹ್ಯಾಂಬರ್ಗಿಗೆ ದೊಡ್ಡದಾಗಿ ಕಂಡಿರಲಾರದು. ಮೇ 19ರಂದು ಅವರ ಅಂಗಳದಲ್ಲೇ ಎರಡನೆಯ ಪಂದ್ಯ. ಮೊದಲರ್ಧದಲ್ಲಿ ಡಾನ್ ಕಾರ್ನೆಲಿಯಸನ್ ಒಂದು ಗೋಲು. ಆಮೇಲೆ ಟೋರ್‌ಬ್ಯೋರ್ನ್ ನಿಲ್ಸನ್ ಇನ್ನೊಂದು. ಪೆನಾಲ್ಟಿಯಿಂದ ಸ್ಟಿಗ್ ಫ್ರೆಡ್ರಿಕ್ಸನ್ ಮೂರನೆಯದು. 3-0! ಒಟ್ಟು 4-0. ಮೇಷ್ಟ್ರ ರೇಖಾಗಣಿತ ಫಲ ಕೊಟ್ಟಿತ್ತು.

ಸಾಲ ಪಡೆದು ಸ್ಪೇನಿಗೆ ಹೊರಟದ್ದಕ್ಕೂ ಕಪ್ ಎತ್ತಿ ಹಿಡಿದದ್ದಕ್ಕೂ ನಡುವೆ ಇದ್ದ ಅವಧಿ ಎರಡೂವರೆ ತಿಂಗಳು ಮಾತ್ರ. ಅದೇ ವರ್ಷ ಸ್ವೀಡನ್ನಿನ ಲೀಗನ್ನೂ ಕಪ್ಪನ್ನೂ ತಂಡ ಗೆದ್ದುಕೊಂಡಿತು. ಕ್ಲಬ್ಬಿನ ಖಜಾನೆಯೂ ಚೇತರಿಸಿಕೊಂಡಿತು. ಎರಿಕ್ಸನ್ ಪೋರ್ಚುಗಲ್, ಇಟಲಿಗಳ ದೊಡ್ಡ ಕ್ಲಬ್ಬುಗಳಿಗೆ ಹೋಗಿ, 2001ರಿಂದ 2006ರವರೆಗೆ ಇಂಗ್ಲೆಂಡ್ ತಂಡಕ್ಕೇ ತರಬೇತುದಾರರಾದರು. 2024ರ ಆಗಸ್ಟ್‌ನಲ್ಲಿ ನಿಧನರಾದರು.

ಆ ಕಾಲದ ತಂಡದ ಬಗ್ಗೆ ಒಂದು ತಮಾಷೆಯೂ ಉಂಟು. ಗ್ಲೆನ್ ಹಿಸೇನ್, ಗ್ಲೆನ್ ಸ್ಟ್ರೋಮ್‌ಬೆರ್ಗ್, ಗ್ಲೆನ್ ಶಿಲ್ಲರ್, ಗ್ಲೆನ್ ಹೋಮ್ ಎಂದು ನಾಲ್ವರು ಗ್ಲೆನ್‌ಗಳು ಕ್ಲಬ್ಬಿನಲ್ಲಿದ್ದರು. ‘ಗೋಥೆನ್‌ಬರ್ಗಿನಲ್ಲಿ ಎಲ್ಲರ ಹೆಸರೂ ಗ್ಲೆನ್’ ಎಂಬ ಮಾತು ಸ್ವೀಡನ್ನಿನಲ್ಲಿ ಗಾದೆಯಂತೆ ಉಳಿದುಬಿಟ್ಟಿದೆ.

ಸೋತವರಿಗೂ ಬಹುಮಾನ

1987ರಲ್ಲಿ ಗೋಥೆನ್‌ಬರ್ಗ್ ಎರಡನೆಯ ಬಾರಿ ಇದೇ ಕಪ್ ಗೆದ್ದಾಗ ನಡೆದ ಘಟನೆ ಎಲ್ಲ ಅಭಿಮಾನಿಗಳೂ ನೆನಪಿಡುವಂಥದು. ಎದುರಾಳಿ ಸ್ಕಾಟ್ಲೆಂಡಿನ ಡಂಡೀ ಯುನೈಟೆಡ್. ಗೋಥೆನ್‌ಬರ್ಗಿನಲ್ಲಿ 1-0, ಡಂಡೀಯಲ್ಲಿ 1-1. ತಮ್ಮ ಊರಿನಲ್ಲೇ, ತಮ್ಮ ಕಣ್ಣೆದುರೇ ಕಪ್ ಕೈತಪ್ಪಿದಾಗ ಡಂಡೀಯ ಪ್ರೇಕ್ಷಕರು ಏನು ಮಾಡಿದರು? ಅಲ್ಲೇ ನಿಂತು ಗೆದ್ದ ಸ್ವೀಡನ್ನರಿಗೆ ಚಪ್ಪಾಳೆ ತಟ್ಟಿದರು. ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ಫೀಫಾ ಆ ವರ್ಷ ತನ್ನ ಸದ್ವರ್ತನೆಯ ಪ್ರಶಸ್ತಿಯನ್ನು ಡಂಡೀಯ ಬೆಂಬಲಿಗರಿಗೇ ಕೊಟ್ಟಿತು.

ಇದರ ವಿರುದ್ಧದ ಚಿತ್ರವನ್ನೂ ಮರೆಮಾಚಬಾರದು. 2002ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಬೇರೆ ಬೇರೆ ಕ್ಲಬ್ಬುಗಳ ಪುಂಡರ ಗುಂಪುಗಳ ನಡುವೆ ಹೊಡೆದಾಟ ನಡೆದು ಗೋಥೆನ್‌ಬರ್ಗಿನ ಬೆಂಬಲಿಗನೊಬ್ಬ ಪ್ರಾಣ ಕಳೆದುಕೊಂಡ. ಅವನ ಮನೆಯವರಿಗೆ ಆ ಋತುವಿನ ಅಂಕಪಟ್ಟಿಯಿಂದ ಆಗಬೇಕಾದದ್ದೇನು? ತನ್ನ ತಂಡವನ್ನು ಪ್ರೀತಿಸಲು ಇನ್ನೊಂದನ್ನು ದ್ವೇಷಿಸಬೇಕಾಗಿಲ್ಲ. ಮಕ್ಕಳಿಗೆ ಇದನ್ನು ಮನೆಯಲ್ಲೇ, ಟಿ.ವಿ. ಮುಂದೆ ಕೂತು ಪಂದ್ಯ ನೋಡುವಾಗಲೇ ಹೇಳಿಕೊಡಬೇಕಾದವರು ತಂದೆತಾಯಿಗಳು.

ಶೇಕಡಾ 51

1990ರ ದಶಕ ಕ್ಲಬ್ಬಿಗೆ ಸುಗ್ಗಿ. 1994ರ ಚಾಂಪಿಯನ್ಸ್ ಲೀಗಿನಲ್ಲಿ ಬಾರ್ಸಿಲೋನಾ, ಮ್ಯಾಂಚೆಸ್ಟರ್ ಯುನೈಟೆಡ್ ಇದ್ದ ಗುಂಪಿನಲ್ಲಿ ಗೋಥೆನ್‌ಬರ್ಗ್ ಮೊದಲ ಸ್ಥಾನ ಪಡೆಯಿತು! 1993ರಿಂದ 1996ರವರೆಗೆ ಸತತ ನಾಲ್ಕು ಬಾರಿ ಸ್ವೀಡನ್ನಿನ ಚಾಂಪಿಯನ್.

ಆಮೇಲೆ ಗಾಳಿ ತಿರುಗಿತು. 1995ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಬೆಲ್ಜಿಯಂ ಆಟಗಾರ ಬೋಸ್‌ಮನ್ ಹೂಡಿದ್ದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದ ಆಟಗಾರ ಹಳೆಯ ಕ್ಲಬ್ಬಿಗೆ ಹಣ ಕಟ್ಟಿಕೊಡದೆಯೇ ಬೇರೆ ದೇಶದ ಕ್ಲಬ್ಬಿಗೆ ಹೋಗಬಹುದು. ಐರೋಪ್ಯ ಒಕ್ಕೂಟದ ದೇಶಗಳ ಆಟಗಾರರು ಇಷ್ಟೇ ಮಂದಿ ಇರಬೇಕೆಂಬ ಮಿತಿ ಹಾಕುವಂತಿಲ್ಲ. ಆಟಗಾರರಿಗೆ ಇದು ನ್ಯಾಯವೇ. ಆದರೆ ಸಿರಿವಂತ ದೇಶಗಳ ಕ್ಲಬ್ಬುಗಳು ಒಳ್ಳೆಯ ಆಟಗಾರರನ್ನೆಲ್ಲ ಸೆಳೆದುಕೊಂಡವು. 1996ರ ಅನಂತರ 2025ರವರೆಗೆ ಗೋಥೆನ್‌ಬರ್ಗ್ ಲೀಗ್ ಗೆದ್ದದ್ದು 2007ರಲ್ಲಿ ಒಮ್ಮೆ ಮಾತ್ರ. ಅದು ಅದರ 18ನೆಯ ಪ್ರಶಸ್ತಿ.

ಹಾಗಾದರೆ ಯಾವನಾದರೂ ಕೋಟ್ಯಧೀಶನಿಗೆ ಕ್ಲಬ್ಬನ್ನು ಮಾರಿಬಿಟ್ಟರೆ ಆಗದೇ? ಇಂಗ್ಲೆಂಡಿನಲ್ಲಿ ಹಾಗೆ ಆಗಿದೆ. ಸ್ವೀಡನ್ನಿನಲ್ಲಿ ಆಗುವುದಿಲ್ಲ. ಅಲ್ಲಿನ ಕ್ರೀಡಾ ಒಕ್ಕೂಟದ ನಿಯಮದ ಪ್ರಕಾರ ಕ್ಲಬ್ಬು ಕಂಪನಿಯ ರೂಪ ತಾಳಿದರೂ ಮತದಾನದ ಬಹುಪಾಲು ಸದಸ್ಯರ ಸಂಘದ ಕೈಯಲ್ಲೇ ಇರಬೇಕು. ‘ಶೇಕಡಾ 51ರ ನಿಯಮ’ ಎಂದು ಇದು ಪ್ರಸಿದ್ಧ. ನೂರು ಜನ ಹಣ ಹೂಡಬಹುದು, ಆದರೆ ಕೊನೆಯ ಮಾತು ಸದಸ್ಯರದು. ಸಂಘದ ಸಭೆಯಲ್ಲಿ ಉದ್ಯಮಿಗೂ ಒಂದೇ ಮತ, ಬಸ್ ಚಾಲಕನಿಗೂ ಒಂದೇ ಮತ.

ಈ ನಿಯಮವನ್ನು ಸಡಿಲಿಸಬೇಕೆಂಬ ಪ್ರಸ್ತಾಪ ಬಂದಾಗ ದೇಶದ ನಾನಾ ಕ್ಲಬ್ಬುಗಳ ಅಭಿಮಾನಿಗಳು, ಅಂಗಳದಲ್ಲಿ ಪರಸ್ಪರ ಕೂಗಾಡುವವರೇ, ಒಟ್ಟಾದರು. ತಂತಮ್ಮ ಕ್ಲಬ್ಬುಗಳ ವಾರ್ಷಿಕ ಸಭೆಗೆ ಹೋಗಿ ಕೈಯೆತ್ತಿದರು. 2013ರ ಒಕ್ಕೂಟದ ಮಹಾಸಭೆಯಲ್ಲಿ ಪ್ರಸ್ತಾಪ ಬಿದ್ದುಹೋಯಿತು. ವಿಡಿಯೋ ನೋಡಿ ರೆಫರಿಯ ತೀರ್ಪು ತಿದ್ದುವ ಪದ್ಧತಿ ಯುರೋಪಿನ ಪ್ರಮುಖ ಲೀಗುಗಳಿಗೆಲ್ಲ ಬಂದಾಗಲೂ ಸ್ವೀಡನ್ನಿನ ಸದಸ್ಯರು ಆಟದ ಓಟ ನಿಂತುಹೋಗುತ್ತದೆ ಎಂದು ಇದೇ ರೀತಿ ತಡೆದರು. 2024ರ ಏಪ್ರಿಲಿನಲ್ಲಿ ಸ್ವೀಡಿಷ್ ಫುಟ್‌ಬಾಲ್ ಸಂಸ್ಥೆ ಅದನ್ನು ಜಾರಿಗೆ ತರುವುದಿಲ್ಲವೆಂದು ಪ್ರಕಟಿಸಿತು. ಅವರ ನಿಲುವು ಸರಿಯೋ ತಪ್ಪೋ ಎಂದು ವಿದ್ಯಾರ್ಥಿಗಳು ತರಗತಿಯಲ್ಲಿ ಚರ್ಚಿಸಬಹುದು. ತೀರ್ಮಾನ ಮಾಡಿದವರು ಯಾರು ಎಂಬುದನ್ನು ಮಾತ್ರ ಮರೆಯಬಾರದು.

ಈ ಪದ್ಧತಿಗೆ ಬೆಲೆ ತೆರಬೇಕಾಗುತ್ತದೆ. ಹಣವಂತ ಒಡೆಯರಿಲ್ಲದ ಸ್ವೀಡಿಷ್ ಕ್ಲಬ್ಬುಗಳು ಯುರೋಪಿನ ಕಪ್ಪುಗಳಿಂದ ದೂರ ಉಳಿದಿವೆ. ಆದರೆ ಲಾಭವೂ ಇದೆ. 2025ರ ಅಕ್ಟೋಬರಿನಲ್ಲಿ ಮ್ಯೆಲ್‌ಬಿ ಎಂಬ ಮೀನುಗಾರರ ಹಳ್ಳಿಯ ಸಣ್ಣ ಕ್ಲಬ್ಬು ಮೊತ್ತಮೊದಲ ಬಾರಿಗೆ ಸ್ವೀಡನ್ನಿನ ಚಾಂಪಿಯನ್ ಆಯಿತು. ಅದು ಪ್ರಶಸ್ತಿ ಖಚಿತಪಡಿಸಿಕೊಂಡದ್ದು ಗೋಥೆನ್‌ಬರ್ಗಿನ ಅಂಗಳದಲ್ಲೇ, ಐ.ಎಫ್.ಕೆ. ತಂಡವನ್ನು 2-0ಯಿಂದ ಸೋಲಿಸಿ! 1982ರಲ್ಲಿ ಹ್ಯಾಂಬರ್ಗಿನವರಿಗೆ ಹೇಗಾಗಿರಬೇಕು ಎಂದು ಅಂದು ಗೋಥೆನ್‌ಬರ್ಗಿನವರಿಗೆ ತಿಳಿದಿರಬೇಕು.

ಇನ್ನು ಆರಂಭದ ಪ್ರಶ್ನೆಗೆ ಬರೋಣ. ಕ್ಲಬ್ಬು ಯಾರದು? ಗೆದ್ದಾಗ ಎಲ್ಲರೂ ‘ನಮ್ಮದು’ ಎನ್ನುತ್ತಾರೆ. 1982ರ ಮಾರ್ಚಿನಲ್ಲಿ ಖಜಾನೆ ಖಾಲಿಯಾಗಿ, ಮಂಡಳಿಯ ಕುರ್ಚಿಗಳೂ ಖಾಲಿಯಾದಾಗ ‘ನಮ್ಮದು’ ಎಂದು ಕೈಯಿಂದ ಹಣ ಬಿಚ್ಚಿದವರದು ಅದು. ನಿಮ್ಮ ಶಾಲೆಯ ಗ್ರಂಥಾಲಯಕ್ಕೂ, ಬೀದಿಯ ಆಟದ ಬಯಲಿಗೂ, ಊರಿನ ಯುವಕ ಸಂಘಕ್ಕೂ ಈ ಮಾತು ಅನ್ವಯಿಸುತ್ತದೆ. ಮುಂದಿನ ಸಲ ಊರಿನ ಸಂಘದ ವಾರ್ಷಿಕ ಸಭೆಯ ನೋಟೀಸು ಬಂದಾಗ ಅದನ್ನು ಮಡಚಿ ಇಡುವ ಮೊದಲು ಮನೆಯವರೆಲ್ಲ ಒಮ್ಮೆ ಓದಿ. ಸಾಧ್ಯವಾದರೆ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ.